ಏಳನೆಯ ಟೊಪ್ಪಿ

ಅಕ್ಟೋಬರಿನಲ್ಲಿ ವಾರ್ಡೊದ ನಮ್ಮ ಶಾಲೆಗೆ ಬಂದವು
ಏಳು ಹಯಸಿಂಥ್ ಗೆಡ್ಡೆ,
ಈರುಳ್ಳಿಯ ದೂರದ ನೆಂಟರು.
ಮಕ್ಕಳೂ ಏಳೇ. ಹೋದ ವರ್ಷ ಹನ್ನೊಂದಿದ್ದರು.

ಕತ್ತು ಹಿಸುಕಿದಂಥ ಗಾಜಿನ ಲೋಟ,
ಮೇಲೆ ಗೆಡ್ಡೆ, ಕೆಳಗೆ ನೀರು.
ನಡುವೆ ಉಗುರಿನಷ್ಟು ಜಾಗ ಬಿಡಿ ಎಂದೆ:
ತಾಗಿದರೆ ಕೊಳೆಯುತ್ತದೆ,
ತಾಗದಿದ್ದರೆ ಹುಡುಕಿಕೊಂಡು ಬೇರಿಳಿಸುತ್ತದೆ.
ಆಮೇಲೆ ಟೊಪ್ಪಿ.
ಹಳೆಯ ಕಡಲ ನಕಾಶೆ ಹರಿದು ಸುತ್ತಿದ್ದು.
ಆಸ್ಲಕನ ಪಾಲಿಗೆ ಬಂದದ್ದು ಬರೀ ನೀರು,
ಆಳದ ಅಂಕಿಗಳು, ಒಂದು ಊರೂ ಇಲ್ಲ.

ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟೆವು.
ಒಂಬತ್ತು ಡಿಗ್ರಿ.
"ಯಾರೂ ಇಣುಕಬಾರದು. ಈಗ ಕತ್ತಲೇ ಅದರ ಊಟ."

ನವೆಂಬರ್ ಮುಗಿಯುವ ಮುಂಚೆ ಸೂರ್ಯ ರಜೆ ಹಾಕಿದ.
ಮಧ್ಯಾಹ್ನ ಹನ್ನೆರಡಕ್ಕೆ ಬೀದಿದೀಪ,
ನೀಲಿ ಹಿಮದ ಮೇಲೆ ಏಳು ಕೋಟುಗಳ
ಮಿನುಗುಪಟ್ಟಿ ಮಾತ್ರ ಓಡಾಡುವುದು.
ಕತ್ತಲೇ ಊಟ ಎಂದ ಈ ಬಾಯಿ
ರಾತ್ರಿ ಮೂರಕ್ಕೆ ಎದ್ದು
ಅಡುಗೆಮನೆಯ ಎಲ್ಲ ದೀಪ ಹಚ್ಚಿಸಿ
ಬ್ರೆಡ್ಡಿನ ಮೇಲೆ ಕಂದು ಚೀಸ್ ಇಡಿಸಿಕೊಂಡು
ತಿನ್ನದೆ ಕೂರುತ್ತಿತ್ತು.

ಜನವರಿಯಲ್ಲಿ ಮೇಲೆ ತಂದೆವು.
ಆರು ಟೊಪ್ಪಿಗಳನ್ನು ಒಳಗಿನ ಮೊಳಕೆಯೇ ಎತ್ತಿ
ವಾರೆ ಮಾಡಿತ್ತು, ಕುಡಿದವರ ಟೊಪ್ಪಿಯಂತೆ.
ಏಳನೆಯದು ನೆಟ್ಟಗೆ ಕೂತಿತ್ತು.
ತೆಗೆದರೆ, ಎಲೆಗಳ ಬುಡದಲ್ಲೇ
ಕತ್ತಿಲ್ಲದೆ ಅರಳಿಬಿಟ್ಟ
ಗುಲಾಬಿ ಬಣ್ಣದ ಮೊಂಡು ಹೂ.

"ತೆಗೆದು ನೋಡುತ್ತಿದ್ದೆಯಾ?"
ಆಸ್ಲಕ್ ತನ್ನ ಬೂಟು ನೋಡಿದ.
"ಟಾರ್ಚು ಅಷ್ಟೇ. ದಿನಾ ಅಲ್ಲ, ಟೀಚರ್.
ಬಿಸಿಲಿಲ್ಲದ ದಿನ ಮಾತ್ರ."
ಏಡಿ ಫ್ಯಾಕ್ಟರಿಯ ಫ್ರೆವೈನಿಯ ಮಗಳು
ಬೆರಳೆಣಿಸಿ ಲೆಕ್ಕ ಹಾಕಿ
ನಗೆ ತಡೆಯಲಾರದೆ ಮೇಜಿಗೆ ಮುಖವಿಟ್ಟಳು.
ಬೈಯಲು ನನಗೆ ಬಾಯಿ ಬರಲಿಲ್ಲ.
ಬಾಯಿಗೆ ಗೊತ್ತಿತ್ತು.

ಫೆಬ್ರವರಿಗೆ ಆ ಆರೂ ಅರಳಿದವು, ಎತ್ತರಕ್ಕೆ,
ಇಂಗ್ವಿಲ್ಡಳ ನೀಲಿ ಎಲ್ಲಕ್ಕಿಂತ ಎತ್ತರ.
ನಾಲ್ಕೇ ದಿನಕ್ಕೆ ತಲೆಭಾರ ತಾಳದೆ ಬಾಗಿದವು,
ನನ್ನ ಹೆಣಿಗೆಯ ಕಡ್ಡಿಗಳನ್ನೆಲ್ಲ ಊರುಗೋಲು ಕೊಟ್ಟೆ.
ಅರ್ಧ ಹೆಣೆದ ಕೈಗವಸು ಚೀಲದಲ್ಲೇ ಉಳಿಯಿತು.

ಮೊಂಡು ಹೂ ಆಗಲೇ ಕಂದಾಗಿತ್ತು.
ಅದರ ಪರಿಮಳ ಮಾತ್ರ ಹೋದ ವಾರವೆಲ್ಲ
ಕೋಟುಗಳ ತೋಳಿನೊಳಗೆ ಹೊಕ್ಕು ಮನೆಮನೆಗೆ ಹೋಗಿತ್ತು.

ಕಿಟಕಿಯಲ್ಲಿ ಬಿಸಿಲು, ಒಂದು ಮೊಳ.
ಆಸ್ಲಕ್ ತನ್ನ ಟೊಪ್ಪಿ ಬಿಚ್ಚಿ
ಸುರುಳಿ ಏಳದಂತೆ ಮೊಣಕೈ ಊರಿ
ಕಡಲನ್ನು ಚಪ್ಪಟೆ ಮಾಡಿಕೊಂಡು
ಓದುತ್ತಿದ್ದ, ತುಟಿಯಲ್ಲೇ:
ನೂರ ಎಂಬತ್ತು,
ಇನ್ನೂರ ಹತ್ತು,
ಇನ್ನೂರ ಹತ್ತು,