ದಿನಕ್ಕೆ ಐವತ್ತು

ಒಂದೆಡೆ ಬಾಲ್ಟಿಕ್, ಇನ್ನೊಂದೆಡೆ ಹಿನ್ನೀರು,
ನಡುವೆ ಚಾಚಿದ ಮರಳ ನಾಲಗೆ.
ಅದರ ತುದಿಗೆ ನಮ್ಮ ಬಲೆ.
ಇರುಳೆಲ್ಲ ಗಾಳಿ ಬೆನ್ನಿಗೆ ಬೀಸಿದರೆ
ಬೆಳಗಿಗೆ ಬಲೆ ತುಂಬ ರೆಕ್ಕೆ.

ಕೆಸ್ತೂತಿಸ್ ಒಂದೊಂದನ್ನೇ ಬಿಡಿಸುತ್ತಾನೆ,
ಬಟ್ಟೆಚೀಲದಲ್ಲಿಟ್ಟು ತೂಗುತ್ತಾನೆ:
ಐದು ಗ್ರಾಂ, ಐದೂಕಾಲು.
ಕಾಲಿಗೆ ಉಂಗುರ ತೊಡಿಸಿ ಸಂಖ್ಯೆ ಕೂಗುತ್ತಾನೆ,
ನಾನು ಕುಟ್ಟಿಕೊಳ್ಳುತ್ತೇನೆ.
ನಾನೇ ಬರೆದ ಪುಟ್ಟ ಪ್ರೋಗ್ರಾಮು
ಹಕ್ಕಿಗೊಂದು ಪೋಸ್ಟ್ ಹಾಕಬೇಕು:
ಜಾತಿ, ತೂಕ, ಉಂಗುರ, ಹೊತ್ತು,
ಕೊನೆಗೆ, ಹೋಗಿ ಬಾ.

ಅಕ್ಟೋಬರ್ ಮೂರು. ಐವತ್ತಕ್ಕೆ ನಿಂತಿತು.
ಪರದೆಯ ಮೇಲೆ ನಾನೂರ ಇಪ್ಪತ್ತೊಂಬತ್ತು.
ಅತಿಯಾಯಿತು, ನಾಳೆ ಬಾ, ಎಂದದರ ಅರ್ಥ.
ತಾಳಿದವನು ಬಾಳಿಯಾನು ಎಂದು
ಯಂತ್ರವೂ ಕಲಿತಿದೆ.
ಬಲೆಯಲ್ಲಿನ್ನೂ ಇನ್ನೂರು.

ಮಿತಿ ಏರಿಸಿರೆಂದು ಕಂಪನಿಗೆ ಬರೆದೆ.
ನಿಮ್ಮ ವಿನಂತಿ ಸಾಲಿನಲ್ಲಿದೆ,
ಎಂದಿತು ಉತ್ತರ, ಅರೆಗಳಿಗೆಯಲ್ಲಿ.
ಅದಾದ ಮೇಲೆ ಸುದ್ದಿಯಿಲ್ಲ.

ಅಪರೂಪದ್ದನ್ನಷ್ಟೇ ಹಾಕು, ಎಂದ ಕೆಸ್ತೂತಿಸ್.
ಹಾಗೆಂದವನೇ ಅಂಗೈಯಲ್ಲಿದ್ದ
ಚಿನ್ನದ ನೆತ್ತಿಯ ಮಾಮೂಲಿ ಹಕ್ಕಿಯನ್ನು
ಬಿಡಲಾರದೆ ನೋಡುತ್ತ ನಿಂತ.
ಹತ್ತನ್ನು ಒಂದೇ ಪೋಸ್ಟಿಗೆ ಕಟ್ಟೋಣವೆಂದರೆ
ಜಿವಿಲೆ ಒಪ್ಪಲಿಲ್ಲ:
ಹಿಂಡಾಗಿ ಬಂದರೇನು,
ಉಂಗುರ ಒಂದೊಂದಕ್ಕೇ ತಾನೆ?

ಸರಿ, ಸಾಲು ಮಾಡಿದೆ.
ಋತು ಮುಗಿಯುವಾಗ ಒಂಬತ್ತು ಸಾವಿರದ ಆರುನೂರು.
ಭಾಗಿಸಿದೆ. ನೂರ ತೊಂಬತ್ತೆರಡು ದಿನ.
ಕಡಲನ್ನು ಪಾವಿನಲ್ಲಿ ಅಳೆಯುವ ಕೆಲಸ.

ಬಲೆ ಮಡಚಿದೆವು. ಹಿನ್ನೀರು ಗಡ್ಡೆಕಟ್ಟಿತು.
ಹಿಮದಲ್ಲಿ ತೂತು ಕೊರೆದು ಕೂತ ಬೆಸ್ತರ
ಜೇಬಿನಲ್ಲಿ ಫೋನು ಗುನುಗುತ್ತಿತ್ತು,
ಅರ್ಧ ತಾಸಿಗೊಂದು ಹಕ್ಕಿ ಹೊರಡುತ್ತಿತ್ತು.
ಜನವರಿಯಲ್ಲಿ ಯಾರೋ ಕೇಳಿದರು:
ಮೈನಸ್ ಹದಿನೆಂಟರಲ್ಲಿ ರಾಬಿನ್ನೇ?
ನಿಮ್ಮ ಯಂತ್ರಕ್ಕೆ ತಲೆ ನೆಟ್ಟಗಿದೆಯೇ?
ಇನ್ನೊಬ್ಬಾಕೆ, ನಿಲ್ಲಿಸಬೇಡಿ, ಎಂದಳು.
ಕಾರಣ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಏಪ್ರಿಲ್ ಐದು. ಮತ್ತೆ ಬಲೆ ಕಟ್ಟಿದೆವು.
ಮೊದಲ ಸುತ್ತಿನಲ್ಲೇ ಉಂಗುರವಿದ್ದ ರಾಬಿನ್.
ಕೆಸ್ತೂತಿಸ್ ಸಂಖ್ಯೆ ಕೂಗಿದ, ನಾನು ಹುಡುಕಿದೆ.
ಅಕ್ಟೋಬರಿನ ಕೊನೆಯ ವಾರದ್ದು.
ಸಾಲಿನಲ್ಲಿತ್ತು, ಇನ್ನೂ.
ಅದರ ಮುಂದೆ ಮುನ್ನೂರ ಹನ್ನೊಂದು.

ಹೋದದ್ದನ್ನು ಸಾರುವ ಮುಂಚೆಯೇ
ಹೋಗಿ, ಎಲ್ಲೋ ದಕ್ಷಿಣದಲ್ಲಿ ಚಳಿ ಕಳೆದು,
ಬಂದುಬಿಟ್ಟಿದೆ ಹದಿನಾರು ಗ್ರಾಂ.
ಸಾಲು ಮುರಿದು ಮುಂದೆ ತರಲೇ?
ಅಳಿಸಲೇ?
ಜಿವಿಲೆಯ ಮುಖ ನೋಡಿದೆ.
ಅವಳು ಕೈ ಬಿಡಿಸಿದಳು,
ಅದು ಯಾರನ್ನೂ ಕೇಳದೆ ಹಾರಿತು.

ಬಂದ ಸುದ್ದಿಯನ್ನು ಕೊನೆಗೆ ಸೇರಿಸಿದೆ.

ಆರು ದಿನದ ಮೇಲೆ, ಸಂಜೆ,
ಕೊಟ್ಟಿಗೆಯ ಮಾಡಿನ ಮೇಲೆ ಕೂತು
ಅದೋ, ಅದರಂಥದೇ ಇನ್ನೊಂದೋ,
ಗಂಟಲು ಉಬ್ಬಿಸಿ ಗದರುತ್ತಿರುವಾಗ
ನನ್ನ ಫೋನು ಮಿನುಗಿತು:
ಹೋಗಿ ಬಾ.