ತಪ್ಪು ಗೊತ್ತಿರುವ ತಕ್ಕಡಿ

ಬೈತಖೋಲದ ಮೀನುಗಾರರ ಸೊಸೈಟಿಗೆ
ಐಸು, ಡೀಸೆಲ್ಲು, ಹರಾಜಿನ ಲೆಕ್ಕಕ್ಕೊಂದು ಸಾಫ್ಟ್‌ವೇರು.
ಎಷ್ಟು ಜನ? ಎಷ್ಟು ತಿಂಗಳು?
ಸೋಮವಾರ ಹನ್ನೊಂದಕ್ಕೆ ಹೇಳಬೇಕು.

ಕಾರವಾರದ ಗ್ರೀನ್ ಸ್ಟ್ರೀಟಿನಲ್ಲಿ, ಬ್ಯಾಗಿನಂಗಡಿಯ ಮಹಡಿ ಮೇಲೆ
ಮಾದರಿಗಳನ್ನು ಹರವಿಕೊಂಡು ಕೂತಿದ್ದೇನೆ.

ಒಂದು, ಸಾಲುಗಳನ್ನೆಣಿಸುತ್ತದೆ,
ಇನ್ನೂ ಬರೆಯದ ಸಾಲುಗಳನ್ನು.
ಕೂಸು ಹುಟ್ಟುವ ಮುಂಚಿನ ಕುಲಾವಿ;
ಘಾತದಲ್ಲೊಂದು ದಶಾಂಶ ಜಾರಿತೋ
ಕುಲಾವಿ ಹೋಗಿ ಪೆಂಡಾಲು.

ಇನ್ನೊಂದು ಪರದೆ, ವರದಿ, ಕಡತಗಳಿಗೆ
ಪಾಯಿಂಟು ಕೊಡುತ್ತದೆ ನೀಟಾಗಿ, ಹೆಡ್‌ಮಾಸ್ತರರ ಹಾಗೆ.
ಒಟ್ಟು ಕೂಡಿಸಿದರೆ ಐದು ತಿಂಗಳು.
ಆದರೆ ಕಾರ್ಯದರ್ಶಿ ದತ್ತಾರಾಮ ಅಂಬಿಗರು
ಬಾಗಿಲ ತನಕ ಹೋಗಿ, ತಿರುಗಿ ನಿಂತು
"ಮತ್ತೆ ಇದೊಂದು ಸಣ್ಣದು" ಅನ್ನುತ್ತಾರಲ್ಲ,
ಅದಕ್ಕೆ ಕಾಲಮ್ಮಿಲ್ಲ.

ಮತ್ತೆ ರೇಷ್ಮಾ ಗುನಗಿ.
ಮಾದರಿಯಲ್ಲ, ಪಕ್ಕದ ಮೇಜಿನವಳು.
ಚಾ ಊದುತ್ತ, ಕಣ್ಣು ಕಿರಿದು ಮಾಡಿ "ನಾಲ್ಕು" ಅಂದಳು.
ಯಾಕೆ ನಾಲ್ಕು?
"ಹಂಗೆ ಅನಿಸ್ತು."

ಸಂಜೆ ಮಾರ್ಕೆಟ್ಟಿನಲ್ಲಿ ಅರ್ಧ ಇಸ್ವಣ ತೂಗುತ್ತ
ಸಾವಂತಿ ಹರಿಕಂತ್ರ ಮೇಲೊಂದು ಬಂಗಡೆ ಎಸೆದಳು.
"ಈ ತಕ್ಕಡಿ ಐವತ್ತು ಗ್ರಾಮು ಕಳ್ಳ.
ನಂಗೂ ಗೊತ್ತು, ನಿಂಗೂ ಗೊತ್ತು, ಬಂಗಡೆಗೂ ಗೊತ್ತು."
ಆಚೆಯವಳ ಹೊಸ ಬ್ಯಾಟರಿ ತಕ್ಕಡಿಯಲ್ಲಿ
ಕೆಂಪು ಅಂಕಿಗಳು ಗಾಳಿ ಬೀಸಿದತ್ತ ಕುಣಿಯುತ್ತಿದ್ದವು.
ಅದನ್ನು ಕಂಡು ಸಾವಂತಿ ಏನೂ ಹೇಳಲಿಲ್ಲ.
ಚೀಲದಿಂದ ನೀರು ತೊಟ್ಟಿಕ್ಕುತ್ತ ಆಫೀಸಿಗೆ ವಾಪಸು ಬಂದೆ.

ಹಳೆಯ ರಿಜಿಸ್ಟರು: ಹನ್ನೊಂದು ಕೆಲಸಗಳು.
ನಾವು ಹೇಳಿದ್ದು ಒಂದು ಅಂಕಣ, ಆದದ್ದು ಇನ್ನೊಂದು.
ಸಾಲೆಣಿಕೆಯದು ಒಮ್ಮೆ ಇಮ್ಮಡಿ, ಒಮ್ಮೆ ಅರ್ಧ,
ಕುಡಿದವನ ಹೆಜ್ಜೆ.
ರೇಷ್ಮಾ, ಒಮ್ಮೆ ಮಾಡಿದ ಕೆಲಸವಾದರೆ
ವಾರವೂ ತಪ್ಪುವುದಿಲ್ಲ;
ಹೊಸತಾದರೆ ಆಕಾಶ ನೋಡಬೇಕು.
ಪಾಯಿಂಟು ಮಾತ್ರ
ಐದೆಂದಾಗಲೆಲ್ಲ ಏಳು ಹಿಡಿದಿದೆ,
ಹೆಚ್ಚುಕಡಿಮೆ ಏಳೇ, ಹನ್ನೊಂದರಲ್ಲಿ ಒಂಬತ್ತು ಸಲ.
ಉಳಿದೆರಡರ ಕತೆ ಬೇಡ.

ಸುಳ್ಳು ಹೇಳುವುದರಲ್ಲೂ ಒಂದು ನಿಯತ್ತು.
ಅದನ್ನೇ ಆರಿಸಿದೆ, ಮೇಲೊಂದು ಬಂಗಡೆ ಹಾಕಿ.
ಹರಾಜಿನ ಭಾಗವಷ್ಟೇ ರೇಷ್ಮಾಳಿಗೆ ಬಿಟ್ಟೆ:
ಅಂಕೋಲೆಯವರಿಗೆ ಅವಳು ಹಿಂದೊಮ್ಮೆ ಮಾಡಿದ್ದಳು.

ಸೋಮವಾರ: "ಆರರಿಂದ ಎಂಟು ತಿಂಗಳು."
"ಅದೆಲ್ಲ ಬೇಡ, ಒಂದು ಅಂಕಿ ಹೇಳಿ."
ಏಳು, ಅಂದೆ.
ಅಂಬಿಗರು ಬರೆದುಕೊಂಡರು, ಎದ್ದರು,
ಬಾಗಿಲ ಹತ್ತಿರ ತಿರುಗಿ ನಿಂತರು.

ಅವರು ಹೋದ ಮೇಲೆ ರಿಜಿಸ್ಟರಿನಲ್ಲಿ
ಹನ್ನೆರಡನೆಯ ಸಾಲು ಎಳೆದು
"ಆರರಿಂದ ಎಂಟು" ಎಂದೇ ಬರೆದೆ.
ಪಕ್ಕದ ಅಂಕಣ ಖಾಲಿ ಇದೆ.
ಪುಟದ ಮೂಲೆಗೆ ಮೀನಿನ ವಾಸನೆ.