ಅಟ್ಟಿ ನೋಡಿ ಹೇಳಿದ್ದು

ಗಣಪತಿ ಮುಳುಗಿ ಮಳಿ ಒಂದೀಟು ಹಿಂದಕ್ಕ ಸರದ್ರ ಸಾಕು,
ಮಾಪ್ಸಾ ಮಾರ್ಕೆಟ್ಟಿನ್ಯಾಗ
ಮೀನಿನ ಸಾಲಿಗೂ ಚೋರೀಸಿನ ಸಾಲಿಗೂ ನಡುವ
ನನ್ನ ತಾಡಪಾಲಿನ ಬುಡಕ ಬೂಟಿನ ರಾಶಿ.
ಫುಟ್‌ಬಾಲ್ ಲೀಗಿಗೆ ಇನ್ನ ಹದಿನೆಂಟ ದಿನ.
ಎಲ್ಲಾರೂ ಕೇಳಾವ್ರ:
ಏನ್ ಮೇಸ್ತ್ರಿ, ಈ ಸಲ ಯಾರು?

ಪೇಪರಿನ ಸಾವ್ಳೊ ನಾಯ್ಕ ಸ್ಕೂಟರ್ ಬಂದ್ ಮಾಡದನ ಕೇಳತಾನ.
ಅವನ ಲೆಕ್ಕ ಬ್ಯಾರೆ.
ಯಾವ ಕ್ಲಬ್ಬು ಯಾರನ್ನ ಎಷ್ಟಕ್ಕ ತಂತು,
ಕೋಚು ಪೋರ್ಚುಗಲ್ಲಿನಾಂವೋ ಕೇಪೆಂದಾಂವೋ,
ವಹಿಯೊಳಗ ಹತ್ತು ಹೆಸರು, ಹತ್ತು ನಂಬರು,
ನಡುವ ಒಂದು ಚಾದ ಬಟ್ಟಲದ ಕಲಿ.
ನಾನು ಬೂಟು ಬೋರಲ ಹಾಕತೀನಿ.

ನಮ್ಮಪ್ಪ ಅಥಣಿಯೊಳಗ ಹೇಳತಿದ್ದ:
ಮಾರಿಗೆ ಸುಳ್ಳ ಹೇಳಾಕ ಬರತೈತಿ, ಹಿಮ್ಮಡಕ್ಕ ಬರೂದಿಲ್ಲ.
ಚಪ್ಪಲಿ ನೋಡಿ ಬೀಗರ ಸಾಲ ಎಷ್ಟಂತ ಹೇಳಿಬಿಡಾಂವ.
ಇಪ್ಪತ್ತಾರ ವರ್ಷದ ಹಿಂದ ಬಸ್ಸಿಳದು ಇಲ್ಲಿ ಕುಂತೆ,
ನನಗ ಬೀಗರು ಸಿಗಲಿಲ್ಲ,
ಕೀಪರು, ಬ್ಯಾಕು, ಸ್ಟ್ರೈಕರು ಸಿಕ್ಕರು.

ಇದು ನೋಡ್ರಿ, ಸಾಂತ್ ಲೊರೆಂಸಿನ ಕೀಪರ್ ಆಗ್ನೆಲನ ಜೋಡು.
ಬಲಗಾಲಿನ ಸ್ಟಡ್ಡು ಉಂಗುಟದ ಕಡೆ ಪೂರಾ ಸವದಾವು,
ಎಡಗಾಲಿಂದು ನಿನ್ನೆ ತಂದಾಂಗ ಐತಿ.
ಅಂದ್ರ ಎಡಕ್ಕಷ್ಟ ಜಿಗೀತಾನ.
ಬಲಗಡೆ ಮೂಲಿ ದೇವರ ಪಾಲು.
ಎದುರಿನವರಿಗೆ ಇದು ತಿಳೀತಂದ್ರ
ಅವರು ಏಳರ ಮ್ಯಾಲ ಏಳೂದಿಲ್ಲ.
ನಾನು ಹೇಳಾಂವ ಅಲ್ಲ.
ನೂರಾ ಇಪ್ಪತ್ತು ತುಗೊಂಡು
ಮೊದಲು ಬೂಟು ಹೊಲದೆ, ಆಮ್ಯಾಲ ಬಾಯಿ.

ಬಾರ್ದೇಶ್ ಯುನೈಟೆಡ್ಡಿಂದು ಹದಿನಾಲ್ಕು ಜೋಡು, ಒಂದ ಚೀಲದಾಗ,
ತೊಳದು, ಲೇಸಿಗೆ ಲೇಸು ಗಂಟ ಹಾಕಿ, ಹೆಸರಿನ ಚೀಟಿ ಹಚ್ಚಿ.
ಹುಡುಗ್ರು ಕೂಡಿ ಉಣತಾರ ಅಂತ ಆಯ್ತು.
ಮೂರನೇ ಜಾಗಾ. ಬರಕೋರಿ.

ಝುವಾರಿ ಡ್ರೆಜರ್ಸ್ ಬಗ್ಗೆ ಮಾತ್ರ ಕೇಳಬ್ಯಾಡ್ರಿ.
ಹ್ವಾದ ವರ್ಷ ಅವರ ಪರದೇಶಿ ಬೂಟು ನೋಡಿ,
ಆ ಕೇಸರಿ ಬಣ್ಣ, ಆ ಹೊಲಿಗಿ ನೋಡಿ,
ಕಪ್ಪು ಇವರದ ಅಂದಿದ್ದೆ.
ಚಾದಂಗಡಿ ಕಾಶಿನಾಥ ನನ್ನ ಮಾತಿನ ಮ್ಯಾಲ ಮೂರು ಸಾವಿರ ಕಟ್ಟಿದ.
ಡಿಸೆಂಬರಿಗೆ ಅವರ ಪಗಾರ ನಿಂತಿತು.
ಕತ್ತಲಾದ ಮ್ಯಾಲ ಒಂದೊಂದ ಜೋಡು ನನ್ನ ಕಡೆ ಬಂತು,
ಹೊಲಸಾಕ ಅಲ್ಲ,
ಮಾರಾಕ.
ಪಗಾರ ಅಟ್ಟಿಯೊಳಗ ಕಾಣಂಗಿಲ್ಲ.
ಆವತ್ತಿಂದ ಕಾಶಿನಾಥ ನನ್ನ ಚಾಕ್ಕ ಸಕ್ಕರಿ ಹಾಕೂದಿಲ್ಲ.

ಇವತ್ತ ಶುಕ್ರವಾರ, ಸಂತಿ.
ಮಣಿಪುರದ ಹುಡುಗ ಒಬ್ಬ ಬಂದು ಬೂಟು ಬಿಚ್ಚಿ ಕೊಟ್ಟ,
ಇಬೊಮ್ಚಾ ಅಂತ, ಮಾಂಡವಿ ಸ್ಪೋರ್ಟಿಂಗಿನಾಂವ.
ಹತ್ತರಾಗ ಹತ್ತನೇದು ಅಂತ ಎಲ್ಲಾರೂ ಬರದ ಟೀಮು.
ಎಡಗಾಲಿನ ಹೊರಗಿನ ಅಂಚು ಸವದು ಒಳಗಿನ ಬಟ್ಟಿ ಕಾಣತಿತ್ತು.
ಹಂಗ ಸವದಿದ್ದು ನಾನು ಇಪ್ಪತ್ತಾರ ವರ್ಷದಾಗ ನೋಡಿಲ್ಲ.
ಅಂವ ಯಾರು ಗೆಲ್ಲತಾರ ಅಂತ ಕೇಳಲಿಲ್ಲ.
ಐದಕ್ಕ ಸಿಗತೈತೇನು, ಇದೊಂದ ಐತಿ, ಅಂದ.

ಕಾಯಾಕ ನನ್ನ ಒಂಬತ್ತನೇ ನಂಬರಿನ ಚಪ್ಪಲಿ ಕೊಟ್ಟೆ.
ಆರನೇ ನಂಬರಿನ ಕಾಲು, ಒಳಗ ಈಸಾಡತಿತ್ತು.
ಯಾರದೋ ಕೈಯಿಂದ ನಿಂಬಿಹಣ್ಣೊಂದು ಉರುಳಿ ಬಂತು.
ಅದನ್ನ ಅಂವ ನೋಡಿದನೋ ಇಲ್ಲೋ,
ಚಪ್ಪಲಿಯ ಹೊರಗಿನ ಅಂಚಿಲೆ ಹಿಂಗ ಸವರಿದ,
ಅದು ತರಕಾರಿ ತಕಡಿ ಸುತ್ತಿ, ಕೊಡಿ ತಪ್ಪಿಸಿ,
ಎಸ್ಪೆರಾನ್ಸಾ ಬಾಯಿಯ ಬಾಂಗಡೆ ಬುಟ್ಟಿಗೆ ಬಿತ್ತು.
ಆಕಿ ಕೊಂಕಣಿಯೊಳಗ ಅವನ ಮೂರು ತಲಿ ತೊಳದು
ನಿಂಬಿಹಣ್ಣು ತಿರುಗಿ ಒಗದ್ಲು.
ಎದಿಗೆ ಕೊಟ್ಟು ಇಳಿಸಿಕೊಂಡ. ಚಪ್ಪಲಿ ಕಳಚಲಿಲ್ಲ.

ಮಾಂಡವಿ? ಅಂದ ಸಾವ್ಳೊ, ಪೆನ್ನು ತಗದು.
ಕೊನೀ ಜಾಗಾ, ಅಂದೆ.
ಬರಕೊಂಡು ಹ್ವಾದ.

ಎರಡು ಸಾಲ ಹೊಲಿಗಿ ಹಾಕಿ ಒಂದರ ರೊಕ್ಕ ತುಗೊಂಡೆ.
ಕಾಶಿನಾಥ ಕಟ್ಟಿಮ್ಯಾಗಿಂದ ನೋಡಕೋತ ನಿಂತಿದ್ದ.
ಅವನಿಗೆ ಹೇಳಲೋ ಬ್ಯಾಡೋ.
ಚಾ ಇನ್ನೂ ಕಹಿನ ಐತಿ.